ಕಣ್ಣಿಗೆ ಕಾಣದವರ ಮೇಸ್ತ್ರಿ

ಬೆಳಗಿನ ಐದೂವರೆ. ನಾನೂರ ಹನ್ನೆರಡು ಮನೆಗಳ ವಸತಿ ಸಮುಚ್ಚಯದ ಹಿಂಬದಿಯಲ್ಲಿ, ಯಾರೂ ತಿರುಗಿ ನೋಡದ ಕಬ್ಬಿಣದ ಮೆಟ್ಟಿಲ ಮೇಲೆ ನಿಂತು, ಗುಳ್ಳೆ ಮಾಮ ಉದ್ದ ಕೋಲಿಗೆ ಕಟ್ಟಿದ ಡಬ್ಬಿಯಿಂದ ಟ್ಯಾಂಕಿನ ಕಂದು ನೀರನ್ನು ಮೊಗೆಯುತ್ತಾರೆ. ಒಂದು ಲೀಟರಿನ ಗಾಜಿನ ಜಾಡಿಗೆ ಸುರಿದು, ಕಟ್ಟೆಯ ಮೇಲಿಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಅರ್ಧ ಗಂಟೆ ಕಾಯಬೇಕು. ದಿನಾ ಆಗಿದ್ದರೆ ಗಸಿ ನಿಧಾನಕ್ಕೆ ಕೆಳಗಿಳಿದು ಮುನ್ನೂರು ಮಿಲಿಲೀಟರಿನ ಗೆರೆಯ ಹತ್ತಿರ ನಿಲ್ಲುತ್ತದೆ, ಮೇಲಿನ ನೀರಿನಲ್ಲಿ ಆಚೆ ಗೋಡೆಯ ಇಟ್ಟಿಗೆ ಎಣಿಸಬಹುದು. ಇವತ್ತು ಗಸಿಯೇ ಕಡಿಮೆ, ತೊಂಬತ್ತಕ್ಕೆ ಬಂದು ಕೂತಿದೆ. ಮೇಲಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಕಲಕಿಕೊಂಡೇ ಇದೆ.

ಹೀಗಾಗುತ್ತಿರುವುದು ಇದು ನಾಲ್ಕನೆಯ ದಿನ. "ನಂಗಂತೂ ತಲೆ ಬುಡ ಗೊತ್ತಾಗ್ತಿಲ್ಲ" ಎಂದು ಮಾಮ ಜಾಡಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾರೆ. "ಹತ್ತೊಂಬತ್ತು ವರ್ಷ ಆಯ್ತು, ಒಂದು ದಿನ ಇವು ರಜಾ ಹಾಕಿಲ್ಲ. ಈಗ ಏನಾಯ್ತು ಅಂತ ಕೇಳೋಣ ಅಂದ್ರೆ ಬಾಯಿಲ್ಲ, ಕಣ್ಣಿಗೂ ಕಾಣಲ್ಲ."

ಇವು ಅಂದರೆ ಬ್ಯಾಕ್ಟೀರಿಯಾ. ಅಷ್ಟೂ ಮನೆಗಳ ಬಚ್ಚಲು, ಶೌಚಾಲಯ, ಅಡುಗೆಮನೆಗಳ ಕೊಳಚೆ, ದಿನಕ್ಕೆ ಎರಡೂವರೆ ಲಕ್ಷ ಲೀಟರು, ಈ ಟ್ಯಾಂಕಿಗೆ ಬಂದು ಬೀಳುತ್ತದೆ. ಅದನ್ನು ತಿಂದು ತೇಗುವುದು ಇವುಗಳ ಕೆಲಸ. ತಿನ್ನಲು ಗಾಳಿ ಬೇಕು. ಅದಕ್ಕೇ ತಳದಿಂದ ಹಗಲಿರುಳು ಗುಳ್ಳೆ ಏಳುತ್ತಿರುತ್ತದೆ, ಮಾಮನ ಹೆಸರೂ ಅಲ್ಲಿಂದಲೇ ಎದ್ದದ್ದು. ತಿಂದು ದಪ್ಪಗಾದವು ಒಂದಕ್ಕೊಂದು ಅಂಟಿ ತಳಕ್ಕಿಳಿದರೆ, ಉಳಿದ ತಿಳಿನೀರು ಮರಳಿನಲ್ಲಿ ಸೋಸಿ ತೋಟಕ್ಕೂ ಮೀನಿರುವ ಕೊಳಕ್ಕೂ ಹೋಗುತ್ತದೆ. ಒಂದು ಹನಿಯಲ್ಲಿ ಎಷ್ಟಿರುತ್ತವೆ ಎಂದರೆ ಮಾಮ ನಗುತ್ತಾರೆ. "ಕೋಟಿಗಟ್ಟಲೆ ಅಂತಾರೆ ಓದಿದವರು. ನಾನು ಮೇಸ್ತ್ರಿ ಅಷ್ಟೆ, ಕೆಲಸ ನಡೀತಿದ್ರೆ ಹಾಜರಿ ಸರಿ ಇದೆ ಅಂತ ಲೆಕ್ಕ."

ಈಗ ಕೆಲಸ ನಡೆಯುತ್ತಿಲ್ಲ. ಕೊಳಕ್ಕೆ ಹೋಗುವ ಕೊಳವೆಯನ್ನು ಮಾಮನೇ ಮುಚ್ಚಿದ್ದಾರೆ. ಸೋಮವಾರದೊಳಗೆ ನೀರು ತಿಳಿಯಾಗದಿದ್ದರೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿಸಿ ಬೀಗ ಹಾಕುವುದು, ಕೊಳಚೆಯನ್ನು ಲಾರಿಯಲ್ಲಿ ಸಾಗಿಸುವುದು ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಹೇಳಿಯಾಗಿದೆ. ಇವತ್ತು ಬುಧವಾರ. ಹತ್ತೊಂಬತ್ತು ವರ್ಷ ಸಾಕಿದ್ದನ್ನು ಚರಂಡಿಗೆ ಚೆಲ್ಲಿಬಿಡುತ್ತಾರಲ್ಲ ಎಂದು ಮಾಮ ರಾತ್ರಿಯೂ ಎದ್ದು ಬಂದು ಟ್ಯಾಂಕು ನೋಡಿ ಹೋಗುತ್ತಾರೆ.

ಇನ್ನೂ ತಬ್ಬಿಬ್ಬು ಮಾಡುತ್ತಿರುವುದು ಮೀಟರು. ನೀರಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುವ ಮೀಟರಿನಲ್ಲಿ ಯಾವತ್ತೂ ಎರಡು ಇರುತ್ತಿತ್ತು, ಈಗ ಆರು. ಇಷ್ಟು ಒಳ್ಳೆಯ ಅಂಕಿಯನ್ನು ಮಾಮ ಜನ್ಮದಲ್ಲಿ ನೋಡಿಲ್ಲ. ಅಂಕಿ ಚೆನ್ನಾಗಿದೆ, ನೀರು ಕೆಟ್ಟಿದೆ! ಮೊದಲ ದಿನ ಮೀಟರು ಕೆಟ್ಟಿರಬೇಕೆಂದು ಬೈದು ಬೇರೆಯದು ತಂದರು. ಅದೂ ಆರೇ ಅಂದಿತು. ಗಾಳಿ ಕಡಿಮೆ ಮಾಡಿದರು, ಜಾಸ್ತಿ ಮಾಡಿದರು, ಕೊನೆಗೆ ಏನೂ ಮಾಡದೆ ಕೂತರು. ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟಂತಾಗಿದೆ ಅವರ ಪಾಡು.

ಎಂಟು ಗಂಟೆಗೆ ತಿಂಡಿಗೆಂದು ಕಾಂಪೌಂಡಿನ ಮೂಲೆಯ ಎರಡು ಕೋಣೆಯ ಮನೆಗೆ ಬರುತ್ತಾರೆ. ಬಾಗಿಲಲ್ಲೇ ಹೆಂಡತಿ ಅವರ ಅಂಗಿ ಮೂಸಿ ಹುಬ್ಬೇರಿಸುತ್ತಾರೆ.

"ಏನ್ರೀ ಇದು, ನಾಲ್ಕು ದಿನದಿಂದ ನೋಡ್ತಿದೀನಿ, ಮದುವೆ ಮನೆಗೆ ಹೋಗ್ಬಂದವರ ಥರ ಘಮಘಮ ಅಂತೀರಿ! ಮೊದಲೆಲ್ಲ ನೀವು ಬರ್ತಿರೋದು ಬೀದಿ ಕೊನೇಲೇ ಗೊತ್ತಾಗ್ತಿತ್ತು."

"ನೀರೇ ಹಂಗೆ ಬರ್ತಿದೆ ಕಣೇ. ನಿಂಬೆಹಣ್ಣಿನ ವಾಸನೆ."

"ನಿಂಬೆಹಣ್ಣಾ? ನಮ್ಮ ಬಚ್ಚಲಿಗೆ ಹಾಕ್ತಿರೋದೂ ಅದೇ ತಾನೇ? ನೀವೇ ತಂದುಕೊಟ್ಟಿದ್ದು."

ಮಾಮ ಬಚ್ಚಲಿಗೆ ಹೋಗಿ ಆ ಐದು ಲೀಟರಿನ ಹಳದಿ ಕ್ಯಾನು ನೋಡುತ್ತಾರೆ. ಅರ್ಧ ಖಾಲಿ. ಕಳೆದ ವಾರ ಸಂಘದವರು 'ಕ್ರಿಮಿಮುಕ್ತ ವಾರ' ಮಾಡಿದ್ದರು. ಮನೆಗೊಂದು ಕ್ಯಾನು ಕ್ರಿಮಿನಾಶಕ ಪುಕ್ಕಟೆ, ದಿನಕ್ಕೆರಡು ಸಲ ಚರಂಡಿಗೆ ಸುರಿಯಬೇಕು ಎಂದಿದ್ದರು. ಹಂಚುವವರು ಯಾರು ಎಂದಾಗ, ಮನೆಮನೆಯೂ ಗೊತ್ತಿರುವ ಮಾಮನೇ ಉಮೇದಿನಿಂದ ಕೈಗಾಡಿ ತಂದಿದ್ದರು. ನಾನೂರ ಹನ್ನೆರಡು ಕ್ಯಾನು. ಬಾಗಿಲು ತಟ್ಟಿ, "ಮರೀಬೇಡಿ ಅಮ್ಮಾ, ಧಾರಾಳವಾಗಿ ಹಾಕಿ" ಎಂದು ಬೇರೆ ಹೇಳಿ ಬಂದಿದ್ದರು.

"ನನ್ನ ಕೈಯಾರೆ ಕೊಟ್ಟೆನಲ್ಲೇ!" ಎಂದು ಬಚ್ಚಲ ಹೊಸ್ತಿಲಲ್ಲೇ ಕುಸಿಯುತ್ತಾರೆ. "ಮೀಟರು ಸುಳ್ಳು ಹೇಳ್ತಿರಲಿಲ್ಲ. ಉಸಿರಾಡೋರೇ ಇಲ್ಲದ ಮೇಲೆ ಗಾಳಿ ಮಿಗದೆ ಇನ್ನೇನಾಗುತ್ತೆ?"

ಗಂಡ ಅಳುವುದನ್ನು ಅವರ ಹೆಂಡತಿ ನೋಡಿದ್ದು ಇದು ಎರಡನೇ ಸಲವಂತೆ. ಅವರು ಸಮಾಧಾನದ ಮಾತಿಗೆ ಹೋಗುವುದಿಲ್ಲ. "ಮೊಸರು ಕೆಟ್ಟರೆ ಪಕ್ಕದ ಮನೇಲಿ ಹೆಪ್ಪು ಕೇಳಲ್ವಾ? ಕೇಳಿ. ಯಾರನ್ನ ಅಂತ ನಾನು ಹೇಳಬೇಕಾ?"

ಹೇಳಬೇಕಿಲ್ಲ. ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ಇಂಥದ್ದೇ ಟ್ಯಾಂಕು ನೋಡಿಕೊಳ್ಳುವವರು ಮಾಮನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಹನ್ನೊಂದು ವರ್ಷದ ಹಿಂದೆ ಅವರ ಟ್ಯಾಂಕು ಶುರುವಾಗುವಾಗ ಹೆಪ್ಪಿಗೆಂದು ಗಸಿ ಕೊಟ್ಟವರು ಮಾಮ, ಎಂಟು ಡ್ರಮ್ಮು. ಆಮೇಲೆ ಮಾವನ ಮನೆಯಲ್ಲಿ ಎಲ್ಲರೆದುರು ಷಡ್ಡಕ "ಸೊನ್ನೆಯಿಂದ ನಾನೇ ಎಬ್ಬಿಸಿದೆ" ಎಂದು ಮೀಸೆ ತಿರುವಿದ್ದರು. ಅಂದಿನಿಂದ ಇಬ್ಬರೂ ಎದುರಾದರೆ ಹವಾಮಾನದ ಬಗ್ಗೆ ಮಾತಾಡಿ ಮುಗಿಸುತ್ತಾರೆ.

ಮೊದಲು ಮಾಡಬೇಕಾದದ್ದು ಬೇರೆ ಇದೆ. ವಿಷ ಬರುವುದು ನಿಲ್ಲದೆ ಹೊಸ ಹೆಪ್ಪು ತಂದರೆ ಅದೂ ಸಾಯುತ್ತದೆ. ಮಾಮ ಮತ್ತೆ ಕೈಗಾಡಿ ತಳ್ಳಿಕೊಂಡು ಹೊರಡುತ್ತಾರೆ. ಅದೇ ಬಾಗಿಲುಗಳು, ಅದೇ ಅಮ್ಮಂದಿರು.

"ಕ್ಯಾನು ವಾಪಸ್ ಕೊಡಿ ಅಮ್ಮಾ. ಕ್ರಿಮಿ ಸಾಯ್ತಿದಾವೆ."

"ಸಾಯ್ಲಿ ಅಂತಾನೇ ಅಲ್ವಾ ನೀವು ಕೊಟ್ಟಿದ್ದು?"

"ಹೌದು... ಅಲ್ಲ... ಅವು ಬೇರೆ, ಇವು ಬೇರೆ. ಇವು ನಮ್ಮವು."

ಮೂರನೇ ಮಹಡಿಯ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡುತ್ತಾರೆ. ಒಬ್ಬಾಕೆ ಮಾಮನಿಗೆ ಜ್ವರವಿರಬಹುದೆಂದು ನೀರು ಕೊಡುತ್ತಾರೆ. ವಿವರಿಸಲು ಹೋದಷ್ಟೂ ಮಾಮನ ಮಾತು ಗೋಜಲಾಗುತ್ತದೆ. "ನಿಮ್ಮ ಹೊಟ್ಟೇಲೂ ಇದಾವೆ ಅಮ್ಮಾ, ಅನ್ನ ಅರಗೋಕೆ" ಎಂದದ್ದಕ್ಕೆ ಆಕೆ ಬಾಗಿಲು ಹಾಕಿಕೊಳ್ಳುತ್ತಾರೆ. ಆದರೂ ಹತ್ತೊಂಬತ್ತು ವರ್ಷದ ಮುಖಪರಿಚಯ ಸುಮ್ಮನೆ ಹೋಗುವುದಿಲ್ಲ. ಗುರುವಾರ ಸಂಜೆಗೆ ಮುನ್ನೂರ ಎಂಬತ್ತು ಕ್ಯಾನು ವಾಪಸ್ಸಾಗುತ್ತವೆ.

ಷಡ್ಡಕನಿಗೆ ಫೋನು ಮಾಡಿದ್ದು ಆಮೇಲೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿದ್ದರೂ ಬಾಯಿಗೆ ಬಂದದ್ದು "ಸೆಖೆ ಜಾಸ್ತಿ ಅಲ್ವಾ" ಎಂಬ ಮಾತು. ಹೆಂಡತಿ ಫೋನು ಕಿತ್ತುಕೊಂಡು ವಿಷಯ ಹೇಳುತ್ತಾರೆ. ಶುಕ್ರವಾರ ಬೆಳಗಿನ ಹೊತ್ತಿಗೇ ಟ್ಯಾಂಕರ್ ಬಂದು ನಿಲ್ಲುತ್ತದೆ. ನೊರೆಗಟ್ಟಿದ ಕಂದು ಗಸಿ, ಮಣ್ಣಿನ ವಾಸನೆ. ಷಡ್ಡಕ ಬಂದಿಲ್ಲ, ಡ್ರೈವರ್ ಕೈಲಿ ಚೀಟಿಯೂ ಇಲ್ಲ.

ಶನಿವಾರ ಮೀಟರು ನಾಲ್ಕು. ಭಾನುವಾರ ಮೂರಕ್ಕೆ ಹತ್ತಿರ. ಸೋಮವಾರ ಬೆಳಿಗ್ಗೆ ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲು ಹತ್ತಿ ಬರುವಾಗ ಜಾಡಿಯಲ್ಲಿ ಗಸಿ ಇನ್ನೂರ ಮೂವತ್ತರ ಗೆರೆಯಲ್ಲಿ ನಿಂತಿದೆ. ಆಚೆ ಗೋಡೆಯ ಇಟ್ಟಿಗೆ ಕಾಣುತ್ತಿದೆ.

"ಏನ್ರೀ ಮಾಡಿದ್ರಿ? ಯಾವ ಔಷಧಿ ಹಾಕಿದ್ರಿ?"

"ಔಷಧಿ ಹಾಕೋದು ನಿಲ್ಲಿಸಿದೆ ಸಾರ್."

ಕಾರ್ಯದರ್ಶಿಗೆ ಅರ್ಥವಾದಂತೆ ಕಾಣುವುದಿಲ್ಲ. ಸರಿ ಹಾಗಿದ್ದರೆ, ಬೀಗ ಬೇಡ ಎಂದು ಇಳಿದು ಹೋಗುತ್ತಾರೆ. ಮಾಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತದೆ, ಆದರೆ ಗೊಂದಲ ಹೋಗಿಲ್ಲ. ಜಾಡಿಯಲ್ಲಿ ಇಳಿಯುತ್ತಿರುವವು ಯಾರು? ಹೇಗೋ ಬದುಕುಳಿದ ತಮ್ಮ ಹಳಬರೋ, ಆಸ್ಪತ್ರೆಯಿಂದ ಬಂದವರೋ? ಅಷ್ಟರಲ್ಲಿ ಫೋನು ಬರುತ್ತದೆ, ಷಡ್ಡಕನದು.

"ಹೇಗಿದಾವೆ ನಿನ್ನವು?"

"ನನ್ನವು ಎಲ್ಲಿವೆಯೋ! ಎಲ್ಲಾ ನೀನು ಕಳಿಸಿದ್ದೇ."

"ನಾನು ಎಲ್ಲಿಂದ ತಂದಿದ್ದೆ ಅಂತ ನಿಂಗೊತ್ತು" ಎನ್ನುತ್ತಾರೆ ಷಡ್ಡಕ. "ಮಾವನ ಮನೇಲೂ ಹೇಳಿದೆ, ನಿನ್ನೆ."

ಮಾಮ ಫೋನನ್ನು ಟ್ಯಾಂಕಿನ ಕಡೆ ಚಾಚಿ ಹಿಡಿಯುತ್ತಾರೆ. ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಲೇ ಇದೆ. ಇನ್ನು ಮೂರು ವರ್ಷಕ್ಕೆ ಅವರ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದರೆ ತಲೆ ಕೆರೆದುಕೊಳ್ಳುತ್ತಾರೆ.

"ದೊಡ್ಡದೇನಿಲ್ಲ. ಹೋಗೋವಾಗ ಇವನ್ನ ಜೀವಂತವಾಗಿ ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಆಮೇಲೆ ಅವರು ತಾವೇ ಎಬ್ಬಿಸಿದ್ದು ಅಂತ ಹೇಳ್ಕೊಂಡ್ರೂ ಬೇಜಾರಿಲ್ಲ."