ಮಲಂಗಸಾಬನ ನೀಲಿ ಹೂವಿನ ಟೈಲ್ಸ್

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಮಲಂಗಸಾಬ ಟೈಲ್ಸ್ ಮೇಸ್ತ್ರಿ. ಊರವರಿಗೆಲ್ಲ ಕನ್ನಡಿಯಂಥ ನೆಲ ಹಾಕಿಕೊಡುವ ಈ ಮಹಾರಾಯನ ಸ್ವಂತ ಮನೆಯ ನೆಲ ನೋಡಬೇಕು! ಒಂದು ಮೂಲೆ ಕೆಂಪು, ಇನ್ನೊಂದು ಬೂದು, ಬಾಗಿಲ ಬಳಿ ಕಟ್ಟಿಗೆಯ ಬಣ್ಣ. ಎಲ್ಲವೂ ಗಿರಾಕಿಗಳ ಮನೆಯಲ್ಲಿ ಉಳಿದದ್ದು. ಕೇಳಿ ತಂದದ್ದೆಷ್ಟು, ಕೇಳದೆ ತಂದದ್ದೆಷ್ಟು ಎಂದು ನಾನು ವಿಚಾರಿಸಿಲ್ಲ. ನೆರೆಮನೆಯವರೆಂದ ಮೇಲೆ ಅಷ್ಟಾದರೂ ಮರ್ಯಾದೆ ಬೇಕು.

ಪಡಸಾಲೆಯ ನಟ್ಟನಡುವೆ ಒಂದು ಟೈಲ್ಸ್ ಒಡೆದು ನಾಲ್ಕು ವರ್ಷವಾಗಿತ್ತು. ಹೆಂಡತಿ ಹೀರಾಬಿ ಕೇಳಿದಾಗಲೆಲ್ಲ "ನಾಳಿ ಹಾಕ್ತೀನಿ" ಎನ್ನುತ್ತಿದ್ದ. ಮಗಳು ನಗ್ಮಾಳನ್ನು ನೋಡಲು ಯರಗೇರಾದವರು ಶುಕ್ರವಾರ ಬರುತ್ತಾರೆಂದು ತಿಳಿದ ದಿನ ಹೀರಾಬಿಯ ಸಹನೆ ಮುಗಿಯಿತು.

"ಇದು ಮೂರನೇ ಸಂಬಂಧ. ಮೇಸ್ತ್ರಿ ಮನಿ ನೆಲಾನ ಹಿಂಗದ ಅಂತ ಇವ್ರೂ ಮೂಗು ಮುರದ್ರ, ನೀ ಹೊರಗ ಮಲ್ಕೋ!"

ಮಲಂಗಸಾಬ ಬುಧವಾರವೇ ಉಳಿ ಹಿಡಿದ. ಅಳತೆಗೆ ಸರಿಹೊಂದಿದ್ದು ಮಂಚದ ಕೆಳಗಿದ್ದ ಒಂದೇ ಒಂದು ಟೈಲ್ಸ್, ನೀಲಿ ಹೂವಿನದು. ಅದನ್ನೇ ಕೂರಿಸಿದ.

ಶುಕ್ರವಾರ ನೆರೆಯವರೆಂದು ನನ್ನನ್ನೂ ಕರೆದಿದ್ದರು. ಬಂದವರಲ್ಲಿ ಹುಡುಗನ ಅಜ್ಜಿ ಖಾಸಿಂ ಬೀ ಆ ಹೂವಿನ ಪಕ್ಕದಲ್ಲೇ ಕೂತಳು. ಬೆರಳಿನಿಂದ ಅದನ್ನು ಸವರಿದಳು. ಆಮೇಲೆ ಮೇಸ್ತ್ರಿಯ ಮುಖ ನೋಡಿದಳು.

"ಯಪ್ಪಾ, ಆರು ವರ್ಷದ ಹಿಂದ ನಮ್ಮ ಅಡಗಿಮನಿಗೆ ಟೈಲ್ಸ್ ಹಾಕಿದಾವ ನೀನೇ ಅಲ್ಲೇನು? ಒಂದು ಕಮ್ಮಿ ಬಿತ್ತು ಅಂತ ಸಿಮೆಂಟ್ ಮೆತ್ತಿ ಹೋದಿ. ಅದನ್ನ ನೋಡಿದಾಗೆಲ್ಲ ನಿನಗ ಬೈಯಾಕತ್ತೀನಿ."

ಟೈಲ್ಸಿನ ಅಳತೆ ನೆನಪಿಡುವ ಮಲಂಗಸಾಬನಿಗೆ ಅದು ಯಾರ ಮನೆಯದೆಂದಾಗಲಿ, ಮನುಷ್ಯರ ಮುಖವಾಗಲಿ ನೆನಪಿರುವುದಿಲ್ಲ. ತಲೆ ತಗ್ಗಿಸಿದ. ಈ ಸಂಬಂಧವೂ ಹೋಯಿತೆಂದು ಹೀರಾಬಿಯ ಕಣ್ಣು ತುಂಬಿತು. ಪಾಪ, ನನಗೂ ಸಂಕಟವಾಯಿತು. ಅಷ್ಟರಲ್ಲಿ ಚಹಾ ಹಿಡಿದು ಬಂದ ನಗ್ಮಾ ಅಪ್ಪನ ಮುಖ ನೋಡಿ ಕಿಸಕ್ಕನೆ ನಕ್ಕುಬಿಟ್ಟಳು.

ಖಾಸಿಂ ಬೀಗೂ ನಗು ತಡೆಯಲಾಗಲಿಲ್ಲ.

"ಅಪ್ಪ ಸಿಕ್ಕಿಬಿದ್ರ ನಗತಾಳ, ನೋಡ್ರಿ! ನಮ್ಮ ಮನಿಗೆ ಇಂಥಾಕಿನ ಬೇಕು. ಜಹೇಜು, ವರದಕ್ಷಿಣಿ ಏನೂ ಬ್ಯಾಡ. ಹುಡುಗಿ ಜೊತಿಗೆ ನಮ್ಮ ಟೈಲ್ಸ್ ಕಳಸ್ರಿ, ಸಾಕು."

ಒಡೆಯದಂತೆ ಅದನ್ನು ಕೀಳಲು ಮಲಂಗಸಾಬನಿಗೆ ಅರ್ಧ ದಿನ ಹಿಡಿಯಿತು. ಮದುವೆಯಾದ ಮೇಲೆ ಯರಗೇರಾಕ್ಕೆ ತಾನೇ ಒಯ್ದು, ಆ ಅಡುಗೆಮನೆಯಲ್ಲಿ ಸೊಸೆಯಾಗಿ ಹೋದ ಮಗಳ ಕಾಲಡಿಗೆ ಕೂರಿಸಿ ಬಂದ.

ಈಗ ಇಲ್ಲಿ ಪಡಸಾಲೆಯ ನಡುವೆ ತಗ್ಗು, ಅದರ ಮೇಲೆ ಚಾಪೆ. ಮಗಳು ಹೋದಮೇಲೆ ಅದನ್ನು ಮುಚ್ಚಲು ಅವನಿಗೆ ಮನಸ್ಸೇ ಬರುತ್ತಿಲ್ಲ ಎನ್ನುತ್ತಾಳೆ ಹೀರಾಬಿ. ನಾನು ನಂಬಿರಲಿಲ್ಲ, ಶುದ್ಧ ಸೋಮಾರಿತನ ಎಂದುಕೊಂಡಿದ್ದೆ. ಮೊನ್ನೆ ಹೋದಾಗ ನೋಡಿದೆ: ಚಾಪೆ ಸರಿಸಿ, ತಗ್ಗಿನ ಮುಂದೆ ಸುಮ್ಮನೆ ಕೂತಿದ್ದ. ನನ್ನನ್ನು ಕಂಡದ್ದೇ ಕಣ್ಣೊರೆಸಿಕೊಂಡು, "ನಾಳಿ ಹಾಕ್ತೀನಿ" ಎಂದ.