ಚಿನ್ನದ ಮಣ್ಣಿನ ಹರಿವೆ

ಎಪ್ಪತ್ತರ ದಶಕದ ಕೊನೆಯಲ್ಲಿ ಕೊಪ್ಪದ ಶಾಲೆಯೊಂದಕ್ಕೆ ಟೀಚರಾಗಿ ಹೋದ ನಾನು, ಅಕ್ಕಸಾಲಿಗರ ಅಂಗಡಿಗಳ ಹಿಂದಿನ ಮನೆಯೊಂದರಲ್ಲಿ ಕೋಣೆ ಹಿಡಿದಿದ್ದೆ. ಮನೆಯೊಡತಿಗೆ ಐವತ್ತು ದಾಟಿತ್ತು, ಒಬ್ಬರೇ ಇದ್ದರು. ಹಿತ್ತಿಲಲ್ಲಿ ಬೆಳೆದದ್ದನ್ನು ಬೀದಿಗೆ ಹಂಚದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಜಲಗಾರನೊಬ್ಬ ಬರುತ್ತಿದ್ದ. ಅಕ್ಕಸಾಲಿಗರ ಅಂಗಡಿ ಗುಡಿಸಿದ ದೂಳನ್ನು ಕೊಂಡು, ನಮ್ಮ ಹಿತ್ತಿಲ ತುದಿಯಲ್ಲಿ ತೊಳೆದು, ಉಳಿದದ್ದನ್ನು ಸೀಸದ ಜೊತೆ ಕರಗಿಸಿ ಚೂರುಪಾರು ಚಿನ್ನ ತೆಗೆಯುವುದು ಅವನ ಕಸುಬು. ಅವನು ಹೋದ ಮೇಲೆ ಬೂದಿ, ಕೆಸರು ಅಲ್ಲೇ ಗುಡ್ಡೆಯಾಗಿ ಬಿದ್ದಿರುತ್ತಿತ್ತು.

ಒಂದು ವರ್ಷ ಮನೆಯೊಡತಿಗೆ ಯೋಚನೆ ಹೊಳೆಯಿತು. "ಟೀಚರೇ, ಅವ ಎಷ್ಟು ತೊಳೆದ್ರೂ ಒಂಚೂರು ಚಿನ್ನ ಉಳಿದೇ ಇರ್ತದಲ್ಲ? ಭಸ್ಮ ಮಾಡಿ ತಿನ್ನುವವರು ಇದ್ದಾರೆ. ನಾವು ಸೊಪ್ಪಿಗೆ ಹಾಕಿ ತಿನ್ನುವ."

ಗುಡ್ಡೆಯನ್ನು ಬುಟ್ಟಿಯಲ್ಲಿ ಹೊತ್ತು ಹರಿವೆ ಪಾತಿಗೆ ಸುರಿದರು. ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ನಾನು ಎರಡನೆಯ ಬುಟ್ಟಿ ಹೊತ್ತೆ.

ತಿಂಗಳು ಕಳೆದು ಹರಿವೆ ಕೆಂಪಗೆ ಎದ್ದಿತು. ಮೊದಲ ಕೊಯ್ಲನ್ನು ಬೆಳಿಗ್ಗೆಯೇ ಐದು ಮನೆಗೆ ಕೊಟ್ಟು ಬಂದರು. ನಮ್ಮ ಪಾಲಿನ ಕಟ್ಟನ್ನು ಬಿಡಿಸುತ್ತಿದ್ದಾಗ ಜಲಗಾರ ಬಂದ. ಹತ್ತಿರದ ಜಯಪುರ ಪೇಟೆಯ ಕೆಲಸ ಮುಗಿಸಿ, ಇಲ್ಲಿ ಮರೆತ ಇಕ್ಕಳಕ್ಕಾಗಿ ಬಂದಿದ್ದ.

"ಅಮ್ಮಾರೇ, ಆ ಗುಡ್ಡೆ ಎಲ್ಲಿ?"

ಮನೆಯೊಡತಿ ಹೆಮ್ಮೆಯಿಂದ ಪಾತಿ ತೋರಿಸಿದರು. ಅವನು ನಗಲಿಲ್ಲ.

"ಕಿತ್ತು ಬಿಸಾಡಿ. ಅದರಲ್ಲಿರೋದು ಸೀಸ. ನಮ್ಮಪ್ಪ ಇದೇ ಕಸುಬು ಮಾಡಿ ಮಾಡಿ, ಕೊನೆಗೆ ತುತ್ತು ಎತ್ತೋಕೂ ಆಗ್ತಿರಲಿಲ್ಲ." ಮಣಿಕಟ್ಟನ್ನು ಜೋತುಬಿಟ್ಟು ತೋರಿಸಿದ. "ಈ ಮಣ್ಣು ಬಿದ್ದಲ್ಲಿ ಬೆಳೆದ ಹುಲ್ಲನ್ನ ನಾವು ಎಮ್ಮೆಗೂ ಹಾಕೋದಿಲ್ಲ."

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ?"

"ಅದನ್ನ ಸೊಪ್ಪಿಗೆ ಹಾಕೋರು ಇರ್ತಾರೆ ಅಂತ ನಂಗೇನು ಗೊತ್ತು?"

ಅವನ ಕೈಗೆ ಗುದ್ದಲಿ ಕೊಟ್ಟು, ಬುಟ್ಟಿ ಎತ್ತಿಕೊಂಡು ನಾವಿಬ್ಬರೂ ಓಡಿದೆವು. ಮೊದಲ ಮನೆಯಲ್ಲಿ ಮನೆಯೊಡತಿ, "ಸೊಪ್ಪಿನಲ್ಲಿ ಹುಳ ಉಂಟು" ಎಂದು ವಾಪಸು ಪಡೆದರು. ಎರಡನೆಯದರಲ್ಲಿ, "ದೇವರಿಗೆ ಇಟ್ಟದ್ದು ತಪ್ಪಿ ಬಂತು." ಮೂರನೆಯದರಲ್ಲಿ, "ಈ ಟೀಚರಿಗೆ ಪಾಠ ಮಾಡ್ಲಿಕ್ಕೆ ಬೇಕಂತೆ." ನಾನು ತಲೆಯಾಡಿಸಿದೆ. ನಾಲ್ಕನೆಯ ಮನೆಯಲ್ಲಿ ಸೊಪ್ಪು ಒಲೆಯ ಮೇಲೆ ಬೇಯುತ್ತಿತ್ತು. ಸುಳ್ಳು ಮುಗಿದುಹೋಗಿತ್ತು. ಪಾತ್ರೆಯನ್ನು ತಾವೇ ಇಳಿಸಿ, ಅಲ್ಲೇ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮನೆಯವರು ಬೈಯಲಿಲ್ಲ, ಕುಡಿಯಲು ಮಜ್ಜಿಗೆ ಕೊಟ್ಟರು. ಮನೆಯೊಡತಿಗೆ ಅಳು ಬಂತು.

ಐದನೆಯ ಮನೆಯಾಕೆಗೂ ಇವರಿಗೂ ಅಷ್ಟಕ್ಕಷ್ಟೇ. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡ ಆಕೆ, "ಅದಾ? ನಿಮ್ಮ ಹಿತ್ತಿಲ ಸೊಪ್ಪು ಕಹಿ. ನಾವು ಯಾವತ್ತೂ ತಿಂದದ್ದಿಲ್ಲ, ಗೊಬ್ಬರದ ಗುಂಡಿಗೆ ಹಾಕುದು" ಎಂದರು.

ಮನೆಯೊಡತಿಯ ಮುಖದಲ್ಲಿ ಸಿಟ್ಟೂ ಸಮಾಧಾನವೂ ಒಟ್ಟಿಗೇ ಬಂದು ಜಾಗ ಸಾಲದೆ ಒದ್ದಾಡಿದವು. "ಬಾರೀ ಒಳ್ಳೇದಾಯ್ತು" ಎಂದು ಕೈಮುಗಿದು, ಗುಂಡಿಯಿಂದ ಸೊಪ್ಪನ್ನು ಹೆಕ್ಕಿಸಿಕೊಂಡು ಹೊರಟರು.

ಅರ್ಧ ದಾರಿಯಲ್ಲಿ ನಿಂತು ಕೇಳಿದರು: "ಹೌದಾ ಟೀಚರೇ, ನಮ್ಮ ಸೊಪ್ಪು ಕಹಿಯಾ?"

"ಇಲ್ಲ."

"ನೀವು ಬಾಡಿಗೆಗೆ ಇರುವವರು. ಹೌದು ಅಂತ ಹೇಳ್ತೀರಾ?" ಎಂದು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಡೆದರು.