ಹೆಸರು ತಗೊಂಡ್ರ ಮಾತ್ರ

ಮೊನ್ನೆ ಬಾದಾಮಿ ಬಸ್‌ಸ್ಟ್ಯಾಂಡಿನಾಗ ಮಳಿಯಾಗ ತೊಯ್ಸಿಕೊಂಡ ಕುರಿ ಕಾಯೋ ಹಿರಿಯರೊಬ್ಬರು ನನ್ನ ಬಾಜೂಕ ಬಂದು ಕುಂತ್ರು. ಅವರ ಹೆಗಲ ಮ್ಯಾಲಿನ ಕರಿ ಕಂಬಳಿಯಿಂದ ಹಸಿ ಉಣ್ಣಿ, ನೂಲಿಗೆ ಹಚ್ಚೋ ಹುಣಸಿ ಬೀಜದ ಗಂಜಿ, ಒಂದೀಟು ಹೊಗಿ ಎಲ್ಲಾ ಕೂಡಿದ ವಾಸನಿ ಬಂತು. ಆ ಕಡೆ ಕುಂತಾಕಿ ಮೂಗಿಗೆ ಸೆರಗು ಹಿಡದ್ಲು. ನಾ ಮಾತ್ರ ಇನ್ನಷ್ಟು ಹತ್ರ ಸರದು ಕುಂತ್ನಿ. ನಲವತ್ತು ವರ್ಷದ ಹಿಂದ ಗುಡೂರಾಗ ನಮ್ಮ ಮನಿ ಅಂದ್ರ ಇದ ವಾಸನಿ. ಪಡಸಾಲ್ಯಾಗ ಮುತ್ಯಾನ ಮಗ್ಗದ ಕುಣಿ, ಅದರ ಬಾಜೂಕ ಆಯಿಯ ರಾಟಿ, ಜಂತಿಗೆ ಜೋತುಬಿಟ್ಟ ನೂಲಿನ ಲಡಿ, ಒಲಿ ಮ್ಯಾಲೆ ಕುದಿಯೋ ಗಂಜಿ. ರೊಟ್ಟ್ಯಾಗೂ ಒಂದು ಉಣ್ಣಿ ಎಳಿ ಸಿಗ್ತಿತ್ತು. "ತಿನ್ನಲೇ, ಹೊಟ್ಟಿ ಬೆಚ್ಚಗಿರ್ತೈತಿ" ಅಂತ ಮುತ್ಯಾ ನಗ್ತಿದ್ದ. ಈಗ ಆ ಮನಿ ಇಲ್ಲ. ಮಗ್ಗದ ಕುಣಿ ಇದ್ದಲ್ಲಿ ಯಾರದೋ ಮೋಟರ್‌ಸೈಕಲ್ ನಿಂತಿರ್ತೈತಿ.

ಆಯಿ, ಅಂದ್ರ ನಮ್ಮಪ್ಪನ ಅವ್ವ, ಎಡಗೈಯಾಕಿ. ರಾಟಿ ತಿರುವೂದೂ ಎಡಗೈಲೇನ. ಹಂಗಾಗಿ ಆಕಿ ನೂಲಿನ ಹುರಿ ಎಲ್ಲಾರದಕ್ಕಿಂತ ಉಲ್ಟಾ ಬೀಳ್ತಿತ್ತು. ಬ್ಯಾರೆಯವರ ನೂಲಿಗೆ ಕೂಡಿಸಿದ್ರ ಬಿಚ್ಚಿಕೋತಿತ್ತು. "ನಿನ್ನ ನೂಲೂ ನಿನ್ನಂಗ, ಯಾರ ಜೋಡಿನೂ ಹೊಂದಂಗಿಲ್ಲ" ಅಂತ ಮುತ್ಯಾ ಕಾಡಸ್ತಿದ್ದ. ಖರೆನ ಹಟಮಾರಿ ಆಕಿ. ಮಳಿಗಾಲ ಹಿಡಿಯೂಕಿಂತ ಮೊದಲ ಮುತ್ಯಾ ವರ್ಷಾ ಸಮುದ್ರದ ಕಡೆ ಹೋಗಿ ಮೀನುಗಾರ ಮಂದಿಗೆ ಕಂಬಳಿ ಮಾರಿ ಬರ್ತಿದ್ದ. ಒಂದು ವರ್ಷ ಒಬ್ಬಾಕೆ ಮಗಳು ನೀಲವ್ವನ್ನ, ಅಂದ್ರ ನನ್ನ ಸೋದರತ್ತಿನ್ನ, ಜೋಡಿ ಕರಕೊಂಡು ಹೋದ. ಮುಂದಿನ ವರ್ಷ ಆಕಿ ಅಲ್ಲಿಯ ದೋಣಿ ನಡೆಸೋನ್ನ ಲಗ್ನಾ ಮಾಡಿಕೊಂಡು ಅಲ್ಲೇ ಉಳದ್ಲು. ನಮ್ಮ ಮಂದಿ ಅಲ್ಲ, ನಮ್ಮ ದೇವರು ಬೀರಪ್ಪ ಅವರಿಗೆ ಗೊತ್ತಿಲ್ಲ. "ನಾ ಬಾ ಅನ್ನೂತನಾ ಈ ಹೊಸ್ತಿಲಾ ತುಳಿಬ್ಯಾಡ" ಅಂತ ಆಯಿ ಹೇಳಿ ಕಳಿಸಿದ್ಲು. ಆಮ್ಯಾಲೆ ಮಗಳ ಹೆಸರು ಆಕಿ ಬಾಯಾಗ ಬರಲಿಲ್ಲ. ನೀಲವ್ವನೂ ಅಂಥಾ ಅವ್ವನ ಮಗಳ, ಬರಲಿಲ್ಲ.

ನನಗ ಒಂಬತ್ತು ವರ್ಷ ಇದ್ದಾಗ ಆಯಿಗೆ ಎದಿನೋವು ಸುರುವಾತು. ಆ ಚಳಿಗಾಲೆಲ್ಲಾ ಆಕಿ ಒಬ್ಬಾಕೆನ ಕುಂತು ಒಂದು ಕಂಬಳಿಗೆ ಆಗೂವಷ್ಟು ನೂತ್ಲು, ಮುತ್ಯಾ ನೇದ. ನೀಲವ್ವತ್ತಿಗೆ ಕೂಸು ಹುಟ್ಟಿದ ಸುದ್ದಿ ಹೆಂಗೋ ಕಿವಿಗೆ ಬಿದ್ದಿತ್ತು. "ನಾ ಕೊಟ್ಟೇನಿ ಅನಬ್ಯಾಡ್ರಿ, ಸಂತ್ಯಾಗ ತಗೊಂಡಿದ್ದು ಅನ್ರಿ" ಅಂತ ಮುತ್ಯಾಗ ತಾಕೀತು ಮಾಡಿದ್ಲು. ಆ ಸಲ ಮುತ್ಯಾನ ಜೋಡಿ ನಾನೂ ಹೊಂಟಿದ್ನಿ. ಹೊಂಡೂ ದಿನ ನನ್ನ ತಲಿ ಹಿಕ್ಕೋತ, ಮುತ್ಯಾಗ ಕೇಳಿಸದಂಗ ಆಯಿ ಅಂದ್ಲು: "ಆಕಿ ತಾನ ನನ್ನ ಹೆಸರು ತಗೊಂಡು ಕೇಳಿದ್ರ ಮಾತ್ರ, ಆಯಿ ಬಾ ಅಂದಾಳ ಅಂತ ಹೇಳು. ಕೇಳದಿದ್ರ ಬಾಯಿ ಬಿಡಬ್ಯಾಡ. ಆಣಿ ಐತಿ ನೋಡು." ನಾ ಆಣಿ ಮಾಡಿದ್ನಿ. ಅಷ್ಟು ದೊಡ್ಡ ಕೆಲಸ ಯಾರೂ ನನಗ ವಹಿಸಿರಲಿಲ್ಲ.

ಹುಬ್ಬಳ್ಳಿ ದಾಟಿ, ಘಟ್ಟಾ ಇಳದು, ಬಸ್ಸು ನಿಂತಲ್ಲಿಂದ ಹೊಳಿ ಬಾಯಿ ದೋಣ್ಯಾಗ ದಾಟಿ, ಗುಡ್ಡಾ ಹತ್ತಿ ಇಳದ್ವಿ. ಸಮುದ್ರದೊಳಗ ಚಾಚಿಕೊಂಡ ನೆಲಾ ಅದು, ಮೂರೂ ಕಡೆ ನೀರು, ನಡುವ ಹಸರು ಗುಡ್ಡ. ಎದುರಿಗೆ ನೀರಾಗ ನಾಕೈದು ನಡುಗಡ್ಡಿ, ಬಿಸಲಿಗೆ ಕುರಿ ಮಲಗಿದಂಗ. "ಅಲ್ಲಿಗೆ ಕುರಿ ಹೆಂಗ ಹೊಡಕೊಂಡು ಹೋಗ್ತಾರ ಮುತ್ಯಾ?" ಅಂದ್ನಿ. ಮುತ್ಯಾ ಭಾಳ ನಕ್ಕ. ಗಾಳಿ ಉಪ್ಪುಪ್ಪಾಗಿ ತುಟಿಗೆ ಹತ್ತತಿತ್ತು.

ಅತ್ತಿ ಕೂಸಿನ್ನ ಬಗಲಾಗ ಎತಗೊಂಡು ಉಸುಕಿನಾಗ ಓಡಿ ಬಂದ್ಲು. ಗುಡೂರಿನ ಮಾತಿಗೆ ಹಸದಿದ್ಲು ಪಾಪ. ನಮ್ಮ ಬೇವಿನ ಗಿಡ ಐತೇನು, ಕುಂಟ ಆಡು ಈದಿತೇನು, ಬಾಜೂಮನಿ ಗೌರವ್ವನ ಮಗಳ ಲಗ್ನಾ ಆತೇನು, ಎಲ್ಲಾರನ್ನೂ ಕೇಳಿದ್ಲು. ತನ್ನ ಅವ್ವನ್ನೊಬ್ಬಾಕೀನ ಬಿಟ್ಟು. ನಾ ಕಿವಿ ನೆಟ್ಟಗ ಮಾಡಿ ಕುಂತಿದ್ನಿ. ಮುತ್ಯಾ ಗಂಟು ಬಿಚ್ಚಿ ಕಂಬಳಿ ಕೊಟ್ಟ. ಆಕಿ ಅದರ ಅಂಚಿನ ಒಂದು ಎಳಿ ಹಿಡದು ಎರಡು ಬೆರಳಾಗ ಹೊಸದ್ಲು, ಮತ್ತೊಮ್ಮಿ ಹೊಸದ್ಲು. "ಅಪ್ಪಾ, ಇದು ಎಡಗೈ ನೂಲು" ಅಂದ್ಲು. ಮುತ್ಯಾ ಸಮುದ್ರದ ಕಡೆ ಮಾರಿ ಮಾಡಿ, "ಸಂತ್ಯಾಗ ತಗೊಂಡಿದ್ದವ್ವ" ಅಂದ. ಆಕಿ ಕಂಬಳಿಯೊಳಗ ಮಾರಿ ಹುದುಗಿಸಿ ಅತ್ಲು. ಆಮ್ಯಾಲೆ ನನ್ನ ಗದ್ದಾ ಹಿಡದು, "ನಿನ್ನ ಕೈಲೆ ಏನರ ಹೇಳಿ ಕಳಿಸ್ಯಾರೇನ ತಂಗಿ?" ಅಂತ ಕೇಳಿದ್ಲು. ಅಯ್ಯೋ ನನ್ನ ದಡ್ಡತನಾನ! ಯಾರು ಅಂತ ಹೇಳಲಿಲ್ಲ ಆಕಿ, ಅವ್ವ ಅನ್ಲಿಲ್ಲ. ಹೆಸರು ತಗೊಂಡಿಲ್ಲಲ್ಲ ಅಂತ ನಾ ಲೆಕ್ಕಾ ಹಾಕಿದ್ನಿ. "ಏನೂ ಇಲ್ಲತ್ತಿ" ಅಂದ್ನಿ. ಆಣಿ ಉಳಿಸಿಕೊಂಡ್ನಿ ಅಂತ ಒಳಗೊಳಗ ಹಿಗ್ಗಿದ್ನಿ. ಮರುದಿನ ದೋಣಿ ಹತ್ತೂವಾಗ ಆಕಿ ಮೊಣಕಾಲತನಾ ನೀರಾಗ ಬಂದು ನಿಂತಿದ್ಲು.

ಮನಿಗೆ ಬಂದ ಕೂಡ್ಲೆ ಆಯಿ ನನ್ನ ಅಡಗಿಮನಿಗೆ ಕರದ್ಲು. "ಕೇಳಿದಳೇನ?" "ಇಲ್ಲ" ಅಂದ್ನಿ. ಅಷ್ಟಕ್ಕ ಸುಮ್ಮನಾಗಬೇಕಿಲ್ಲೇನು? "ಎಲ್ಲಾರನ್ನೂ ಕೇಳಿದ್ಲು, ಆಡಿನ್ನೂ ಕೇಳಿದ್ಲು, ನಿನ್ನ ಕೇಳಲಿಲ್ಲ" ಅಂತ ಕೂಡಿಸಿದ್ನಿ. ಆಯಿ ಒಲಿಯೊಳಗ ಕಟಗಿ ಸರಿಸಿದ್ಲು. "ಹೂಂ. ನನ್ನ ಮಗಳ ಅಲ್ಲೇನ ಆಕಿ?" ಅಂದು ಹಿಟ್ಟು ನಾದಾಕ ಹತ್ತಿದ್ಲು. ದಸರಾಕಿಂತ ಮೊದಲ ಆಯಿ ಹೋಗಿಬಿಟ್ಲು. ಸುದ್ದಿ ಮುಟ್ಟಿ, ಅತ್ತಿ ಬರೂದ್ರಾಗ ಮಣ್ಣು ಮುಗದು ಮೂರು ದಿನಾ ಆಗಿತ್ತು. ಹೊಸ್ತಿಲದ ಹೊರಗ ನಿಂತ ಆಕಿನ್ನ ಮುತ್ಯಾ ಕೈ ಹಿಡದು ಒಳಗ ಎಳಕೊಂಡ. ನಾ ಹಿತ್ತಲದಾಗ ಅಡಗಿ ಕುಂತಿದ್ನಿ.

ಮುತ್ಯಾನೂ ಹೋಗಿ ಭಾಳ ವರ್ಷ ಆತು. ಆಯಿ ಬಾ ಅಂದಿದ್ದ ಮಾತು ಗೊತ್ತಿದ್ದಾಕಿ ಜಗತ್ತಿನಾಗ ನಾ ಒಬ್ಬಾಕೆನ. ಹೋದ ವರ್ಷ ಅದನ್ನ ಹೇಳಾಕಂತನ ಅತ್ತಿ ಮನಿಗೆ ಹೋಗಿದ್ನಿ. ಈಗ ಹೊಳಿ ದಾಟಾಕ ಪೂಲು ಆಗೈತಿ, ಆಟೋ ಮನಿತನಾ ಹೋಗ್ತೈತಿ. ಅತ್ತಿ ಬಾಗ್ಯಾಳ, ಕಣ್ಣು ಮಂಜು. ನನಗ ಊಟಕ್ಕ ಬಡಿಸಿ ಎದುರಿಗೆ ಕುಂತು, ನಾ ಕೇಳದಿದ್ರೂ ತಾನ ಅಂದ್ಲು: "ಭಾಳ ಕಲ್ಲು ಮನಸಿನಾಕಿ ನಮ್ಮವ್ವ. ಒಂದ ಒಂದು ಸಲ ಬಾ ಅಂದಿದ್ರ, ಈ ನೀರು ಈಜಿಕೊಂಡರ ಬರ್ತಿದ್ನಿ. ಸಾಯೂತನಾ ಅನ್ನಲಿಲ್ಲ ನೋಡು ತಂಗಿ."

ನಾ ಕೈಯಾಗಿನ ತುತ್ತು ತಾಟಿನಾಗ ಇಟ್ನಿ. ಆಕಿ ನನ್ನ ಮಾರೀನ ನೋಡ್ಕೋತ ಕುಂತಿದ್ಲು.

"ಹೌದತ್ತಿ" ಅಂದ್ನಿ, "ಅನ್ನಲಿಲ್ಲ."